ಎಸ್ಸಾವಿರಾದ ಮರದ ಪೆಟ್ಟಿಗೆ: ಕೊಳ್ಳುವ ಮೊದಲು ಬೇರಿನ ಕತೆ ಕೇಳಿ

ಅಂಗೈ ಅಗಲದ ಒಂದು ಮರದ ಪೆಟ್ಟಿಗೆ. ಹಳೇ ಬೆಲ್ಲದ ಬಣ್ಣ. ಮುಚ್ಚಳದ ಮೇಲೆ ಯಾರೂ ಬಿಡಿಸದ ಚಿತ್ತಾರವಿದೆ. ರಾಗಿ ಕಾಳು ಚೆಲ್ಲಿದ ಹಾಗೆ ಕಪ್ಪು ಚುಕ್ಕೆಗಳು, ಅವುಗಳ ಸುತ್ತ ನೀರು ಸುಳಿ ತಿರುಗಿದ ಹಾಗೆ ಗೆರೆಗಳು. ಮುಚ್ಚಳ ತೆಗೆದರೆ ಗಪ್ಪನೆ ಮೂಗಿಗೆ ಬಡಿಯುವ ವಾಸನೆ. ರಾಳ, ಮೆಣಸು, ಆಗ ತಾನೇ ಸೀಳಿದ ಸೌದೆ, ಮೂರೂ ಕಲಸಿದ ಹಾಗಿರುತ್ತದೆ ಅದು.

ಮೊರಾಕೊ ದೇಶದ ಅಟ್ಲಾಂಟಿಕ್ ಕರಾವಳಿಯಲ್ಲಿ ಎಸ್ಸಾವಿರಾ ಎಂಬ ಸಣ್ಣ ಊರಿದೆ. ಅಲ್ಲಿಗೆ ಹೋದವರಲ್ಲಿ ಬಹಳ ಜನ ಇಂಥದ್ದೊಂದು ಪೆಟ್ಟಿಗೆಯನ್ನೋ ಬಟ್ಟಲನ್ನೋ ತರುತ್ತಾರೆ. ಹಳೇ ಊರಿನ ಓಣಿಗಳಲ್ಲಿ ಸಾಲು ಸಾಲು ಅಂಗಡಿಗಳಿವೆ. ಆದರೆ ಆ ಚುಕ್ಕೆ ಚಿತ್ತಾರ ಎಲ್ಲಿಂದ ಬಂತು ಎಂದು ಕೇಳುವವರು ಕಡಿಮೆ. ಅದು ಮರದ ಕಾಂಡದಲ್ಲಿ ಸಿಗುವುದಿಲ್ಲ. ಬುಡದಲ್ಲಿ, ಮಣ್ಣಿನೊಳಗೆ ಬೆಳೆಯುವ ಒಂದು ಗಂಟಿನಲ್ಲಿ ಸಿಗುತ್ತದೆ. ಆ ಗಂಟು ಯಾಕೆ ಬೆಳೆಯುತ್ತದೆ, ಅದನ್ನು ಕಿತ್ತರೆ ಮರಕ್ಕೆ ಏನಾಗುತ್ತದೆ ಎಂಬುದು ಗೊತ್ತಿದ್ದರೆ ಅಂಗಡಿಯ ಮುಂದೆ ನಿಂತಾಗ ನಾವು ಕೇಳುವ ಪ್ರಶ್ನೆಗಳೇ ಬೇರೆ ಆಗುತ್ತವೆ. ಅದಕ್ಕೇ ಈ ಬರಹ.

ಊರಿನ ವಿಷಯ ಮೊದಲು ಚುಟುಕಾಗಿ ಹೇಳಿಬಿಡುತ್ತೇನೆ. ಮರಕೇಶ್ ನಗರದಿಂದ ಪಶ್ಚಿಮಕ್ಕೆ ಬಸ್ಸಿನಲ್ಲಿ ಸುಮಾರು ಮೂರು ಗಂಟೆಯ ದಾರಿ. ರೈಲಿಲ್ಲ. ಬಿಸಿಲಲ್ಲಿ ಬೆಂದು ಬಂದವರು ಇಲ್ಲಿ ಬಸ್ಸಿಳಿದ ಕೂಡಲೇ ಸ್ವೆಟರ್ ಹುಡುಕುತ್ತಾರೆ. ಬೇಸಿಗೆಯ ತಿಂಗಳುಗಳಲ್ಲಿ ಸಮುದ್ರದ ಗಾಳಿ ಅಷ್ಟು ಜೋರು. ಊರು ತಾನಾಗಿ ಬೆಳೆದದ್ದಲ್ಲ, ಬೇಕೆಂದೇ ಕಟ್ಟಿಸಿದ್ದು. ಯುರೋಪಿನ ಜೊತೆ ವ್ಯಾಪಾರಕ್ಕೆ ಒಳ್ಳೆ ಬಂದರು ಬೇಕೆಂದು ಸುಲ್ತಾನ್ ಸಿದಿ ಮೊಹಮ್ಮದ್ ಬೆನ್ ಅಬ್ದಲ್ಲಾ 1760ರ ದಶಕದಲ್ಲಿ ಕಟ್ಟಿಸಿದ. ನಕ್ಷೆ ಹಾಕಿದವನು ಥಿಯೋಡೋರ್ ಕೋರ್ನು ಎಂಬ ಫ್ರೆಂಚ್ ಎಂಜಿನಿಯರ್. ಮೊರಾಕೊದ ಹಳೇ ಊರುಗಳ ಓಣಿಗಳು ಸಾಮಾನ್ಯವಾಗಿ ಸುತ್ತಿ ಬಳಸಿ ದಾರಿ ತಪ್ಪಿಸುತ್ತವೆ. ಇಲ್ಲಿಯ ಮುಖ್ಯ ಬೀದಿಗಳು ಮಾತ್ರ ದಾರ ಹಿಡಿದು ಎಳೆದ ಹಾಗೆ ನೇರ. ಹಳೇ ಹೆಸರು ಮೊಗಡೋರ್. 2001ರಲ್ಲಿ ಹಳೇ ಊರು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಸಮುದ್ರದ ಕಡೆಗೆ ಕೋಟೆಗೋಡೆ ಇದೆ, ಸ್ಕಾಲಾ ಎನ್ನುತ್ತಾರೆ. ಗೋಡೆಯ ಮೇಲೆ ಹಳೇ ಫಿರಂಗಿಗಳು ಅಲೆಗಳ ಕಡೆ ಬಾಯಿ ಮಾಡಿ ಸಾಲಾಗಿ ನಿಂತಿವೆ. ಗೋಡೆಯ ಅಡಿಯಲ್ಲಿ ಕಮಾನು ಚಾವಣಿಯ ಕೋಣೆಗಳಿವೆ. ಹಿಂದೆ ಮದ್ದುಗುಂಡು ಇಡಲು ಮಾಡಿದ್ದ ಉಗ್ರಾಣಗಳು ಅವು. ಈಗ ಅಲ್ಲಿ ಮರದ ಕೆಲಸ ನಡೆಯುತ್ತದೆ. ಬಾಗಿಲ ತನಕ ಕೆಂಪು ಹೊಟ್ಟು ಹರಡಿರುತ್ತದೆ. ಅಂಗಡಿಗಿಂತ ಮೊದಲು ಇಲ್ಲಿಗೆ ಬನ್ನಿ.

ಈಗ ಮರದ ವಿಷಯ. ಅಂಗಡಿಯವರು ಇದನ್ನು ತೂಯಾ ಎನ್ನುತ್ತಾರೆ. ಅದು ಫ್ರೆಂಚರು ಬಿಟ್ಟುಹೋದ ಹೆಸರು. ನಮ್ಮಲ್ಲಿ ಮನೆ ಮುಂದೆ, ಪಾರ್ಕಿನಲ್ಲಿ ನೆಡುವ ತೂಜಾ ಗಿಡ ಇದೆಯಲ್ವಾ, ಅದಲ್ಲ ಇದು. ಸಸ್ಯಶಾಸ್ತ್ರದ ಹೆಸರು ಟೆಟ್ರಾಕ್ಲಿನಿಸ್ ಆರ್ಟಿಕ್ಯುಲೇಟಾ. ಅರಬ್ಬಿಯಲ್ಲಿ ಅರ್‌ಆರ್, ಅಲ್ಲಿಯ ಮೂಲದ ಅಮಾಜಿಗ್ ಜನರ ಬಾಯಲ್ಲಿ ಅಜೂಕಾ. ಪೈನ್, ದೇವದಾರುಗಳ ನೆಂಟನಾದ ಸೈಪ್ರಸ್ ಎಂಬ ಮರದ ಜಾತಿಗೆ ಸೇರಿದ್ದು. ಮೊರಾಕೊ, ಅಲ್ಜೀರಿಯಾ, ಟುನೀಶಿಯಾಗಳ ಒಣ ಗುಡ್ಡಗಳಲ್ಲಿ ಬೆಳೆಯುತ್ತದೆ. ಸಮುದ್ರದ ಆಚೆ ಮಾಲ್ಟಾ ದ್ವೀಪದಲ್ಲಿ ಮತ್ತು ಸ್ಪೇನಿನ ಒಂದು ಮೂಲೆಯಲ್ಲಿ ಸ್ವಲ್ಪ ಉಳಿದಿದೆ. ನೋಡೋಕೆ ಅಂಥ ದೊಡ್ಡ ಮರವೇನಲ್ಲ. ಕಲ್ಲು ನೆಲ, ಕಡಿಮೆ ಮಳೆ. ಬೆಳೆಯೋದು ಬಹಳ ನಿಧಾನ.

ಇದರ ಒಂದು ಗುಣ ಮಾತ್ರ ಅಪರೂಪದ್ದು. ಪೈನ್, ದೇವದಾರು ಇಂಥ ಸೂಜಿ ಎಲೆಯ ಮರಗಳನ್ನು ಬುಡಕ್ಕೆ ಕಡಿದರೆ ಸಾಮಾನ್ಯವಾಗಿ ಅಲ್ಲಿಗೆ ಮುಗಿಯಿತು, ಮತ್ತೆ ಚಿಗುರುವುದಿಲ್ಲ. ನೀಲಗಿರಿ ಮರ ಹಾಗಲ್ಲ. ಕಡಿದ ಬುಡದಿಂದ ನಾಲ್ಕಾರು ಕೊಂಬೆ ಎದ್ದು ಬರುವುದನ್ನು ನಮ್ಮ ಕಡೆ ಎಲ್ಲರೂ ನೋಡಿದ್ದೇವೆ. ಈ ಅರ್‌ಆರ್ ಮರ ಸೈಪ್ರಸ್ ಜಾತಿಯದಾದರೂ ನೀಲಗಿರಿಯ ಹಾಗೆ ಮತ್ತೆ ಚಿಗುರುತ್ತದೆ. ಕಡಿದರೂ, ಬೆಂಕಿ ಬಿದ್ದರೂ, ಮೇಕೆ ಮೇದು ಬೋಳಿಸಿದರೂ ಬುಡದಿಂದ ಎದ್ದು ಬರುತ್ತದೆ.

ಆ ಶಕ್ತಿ ಇರುವುದು ಬುಡದ ಗಂಟಿನಲ್ಲಿ. ಬೇರು ಮತ್ತು ಕಾಂಡ ಸೇರುವ ಕಡೆ ಮರ ಒಂದು ಗಡ್ಡೆ ಕಟ್ಟಿಕೊಳ್ಳುತ್ತದೆ. ಅದರ ತುಂಬ ಸಣ್ಣ ಸಣ್ಣ ಮೊಗ್ಗುಗಳು. ಅವು ಸುಮ್ನೆ ನಿದ್ದೆ ಮಾಡುತ್ತಿರುತ್ತವೆ. ಮೇಲಿನ ಮರಕ್ಕೆ ಏನಾದರೂ ಆದರೆ ಎಚ್ಚೆತ್ತು ಚಿಗುರಾಗುತ್ತವೆ. ಕಷ್ಟಕಾಲಕ್ಕೆಂದು ಮನೆಯಲ್ಲಿ ಬೀಜದ ಭತ್ತ ಎತ್ತಿಡುತ್ತಾರಲ್ಲ, ಅದೇ ಲೆಕ್ಕ. ಎಷ್ಟು ಸಲ ಪೆಟ್ಟು ಬೀಳುತ್ತದೋ ಅಷ್ಟು ಸಲ ಆ ಜಾಗ ಊದಿಕೊಳ್ಳುತ್ತದೆ. ಒಳ್ಳೆ ಗಂಟು ಬೆಳೆಯಲು ದಶಕಗಳು ಬೇಕು.

ಚಿತ್ತಾರ ಬರುವುದು ಈ ಮೊಗ್ಗುಗಳಿಂದಲೇ. ಸಾಮಾನ್ಯ ಮರದಲ್ಲಿ ನಾರು ಕೆಳಗಿಂದ ಮೇಲಕ್ಕೆ ನೇರವಾಗಿ ಓಡುತ್ತದೆ. ಅದಕ್ಕೇ ಹಲಗೆಯ ಮೇಲೆ ಉದ್ದುದ್ದ ಗೆರೆ ಕಾಣುತ್ತದೆ. ಗಂಟಿನೊಳಗೆ ನಾರಿಗೆ ದಾರಿ ಸುಗಮ ಇರುವುದಿಲ್ಲ. ಹೊಳೆಯಲ್ಲಿ ಬಂಡೆಗಳ ಸುತ್ತ ನೀರು ಬಳಸಿ ಹೋಗುವಂತೆ ಒಂದೊಂದು ಮೊಗ್ಗಿನ ಸುತ್ತಲೂ ಅದು ಬಳಸಿ ಹೋಗುತ್ತದೆ. ಗಂಟು ವರ್ಷ ವರ್ಷ ದಪ್ಪವಾದ ಹಾಗೆ ಮೊಗ್ಗೂ ಅದರ ಜೊತೆಗೇ ಹೊರಕ್ಕೆ ಸರಿಯುತ್ತದೆ, ಹಿಂದೆ ಒಂದು ತೆಳು ಎಳೆ ಬಿಟ್ಟುಕೊಂಡು. ಗರಗಸ ಆ ಎಳೆಯನ್ನು ಅಡ್ಡ ಕೊಯ್ದರೆ ಚುಕ್ಕೆ ಕಾಣುತ್ತದೆ. ಉದ್ದಕ್ಕೆ ಕೊಯ್ದರೆ ಗೀರು ಕಾಣುತ್ತದೆ. ಒಂದೇ ಗಂಟನ್ನು ಯಾವ ಕಡೆಯಿಂದ ಸೀಳಿದರು ಎನ್ನುವುದರ ಮೇಲೆ ಪೆಟ್ಟಿಗೆಯ ಮುಖ ನಿಂತಿದೆ.

ಈ ವ್ಯತ್ಯಾಸಕ್ಕೆ 2000 ವರ್ಷದ ಹಿಂದೆಯೇ ಹೆಸರಿತ್ತು ಎನ್ನುವುದು ನನಗೆ ಈ ಕತೆಯಲ್ಲೇ ಬಹಳ ಇಷ್ಟವಾದ ಭಾಗ. ರೋಮನ್ ಶ್ರೀಮಂತರಿಗೆ ಉತ್ತರ ಆಫ್ರಿಕಾದ ಒಂದು ಮರದ ಮೇಜಿನ ಹುಚ್ಚು ಹಿಡಿದಿತ್ತು. ಅವರು ಸಿಟ್ರಸ್ ಎಂದು ಕರೆದ ಆ ಮರ ಇದೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ನಿಂಬೆ, ಕಿತ್ತಳೆಗೂ ಅದಕ್ಕೂ ಸಂಬಂಧವಿಲ್ಲ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸಿಡಿದಾಗ ಸತ್ತ ರೋಮನ್ ಲೇಖಕ ಪ್ಲಿನಿ ಇದರ ಬಗ್ಗೆ ವಿವರವಾಗಿ ಬರೆದಿಟ್ಟಿದ್ದಾನೆ. ಉದ್ದ ಗೆರೆ ಇರುವ ಮೇಜಿಗೆ ಹುಲಿಪಟ್ಟೆ ಎಂದೂ, ಸುಳಿಸುಳಿಯಾಗಿ ಚುಕ್ಕೆ ಇರುವುದಕ್ಕೆ ಚಿರತೆ ಎಂದೂ ಹೆಸರಂತೆ. ನವಿಲುಗರಿಯ ಕಣ್ಣಿನಂಥದ್ದೂ ಇತ್ತಂತೆ. ಬೇರಿನ ಗಂಟಿನಿಂದ ಬಂದದ್ದಕ್ಕೇ ಹೆಚ್ಚು ಬೆಲೆ ಎಂದೂ ಅವನು ಹೇಳುತ್ತಾನೆ.

ಬೆಲೆ ಎಷ್ಟು ಗೊತ್ತಾ? ರೋಮಿನ ಭಾಷಣಕಾರ ಸಿಸೆರೊ ಒಂದು ಮೇಜಿಗೆ 5 ಲಕ್ಷ ಸೆಸ್ಟರ್ಸ್ (ಆಗಿನ ರೋಮನ್ ನಾಣ್ಯ) ಕೊಟ್ಟಿದ್ದನಂತೆ. ರೋಮನ್ ಸೇನೆಯ ಕಾಲಾಳು ಒಬ್ಬನ ವರ್ಷದ ಸಂಬಳ ಆಗ ಸುಮಾರು 900 ಸೆಸ್ಟರ್ಸ್. ಲೆಕ್ಕ ಹಾಕಿ ನೋಡಿ. ಒಬ್ಬ ಸೈನಿಕ 500 ವರ್ಷಕ್ಕೂ ಜಾಸ್ತಿ ದುಡಿದರೆ ಒಂದು ಮೇಜು.

ಆಗ ಉತ್ತರ ಆಫ್ರಿಕಾದ ಈ ಭಾಗದಲ್ಲಿದ್ದ ಮೌರೆಟಾನಿಯಾ ರಾಜ್ಯದ ರಾಜ ಟಾಲೆಮಿಯ ಮೇಜಿನ ಬಗ್ಗೆಯೂ ಪ್ಲಿನಿ ಬರೆಯುತ್ತಾನೆ. ನಾಲ್ಕೂವರೆ ಅಡಿ ಅಗಲದ ಆ ಮೇಜು ಎರಡು ಅರ್ಧಚಂದ್ರ ಹಲಗೆಗಳನ್ನು ಕೂಡಿಸಿ ಮಾಡಿದ್ದು. ಕೂಡಿಸಿದ ಗೆರೆ ಕಣ್ಣಿಗೆ ಕಾಣದಂತೆ ಮುಚ್ಚಿದ್ದರಂತೆ. ಈ ಟಾಲೆಮಿಯ ಅಪ್ಪ ಎರಡನೇ ಜೂಬಾ. ಎಸ್ಸಾವಿರಾದ ಬಂದರಿನಲ್ಲಿ ನಿಂತರೆ ಎದುರಿಗೆ ಸಣ್ಣ ದ್ವೀಪಗಳು ಕಾಣುತ್ತವೆ. ಅಲ್ಲಿ ಸಮುದ್ರದ ಬಸವನಹುಳದಂಥ ಜೀವಿಯಿಂದ ನೇರಳೆ ಬಣ್ಣ ತೆಗೆಯುವ ಕೆಲಸ ನಡೆಸಿದ್ದು ಆ ಜೂಬಾನೇ. ಊರು ಕಟ್ಟಿ ಇನ್ನೂರೈವತ್ತು ವರ್ಷ ಚಿಲ್ಲರೆ ಆಗಿರಬಹುದು. ಈ ಕರಾವಳಿಯಲ್ಲಿ ಕೈಕೆಲಸ, ವ್ಯಾಪಾರ ಎರಡೂ ಅದಕ್ಕಿಂತ ಎಷ್ಟೋ ಹಳೆಯವು.

ಪ್ಲಿನಿಯ ಬರಹದಲ್ಲಿ ಇನ್ನೊಂದು ಸಾಲಿದೆ. ಅತ್ಯುತ್ತಮ ಮರ ಸಿಗುತ್ತಿದ್ದ ಅಂಕೊರಾರಿಯಸ್ ಎಂಬ ಬೆಟ್ಟ ಆಗಲೇ ಬರಿದಾಗಿತ್ತಂತೆ. ಈ ಸಾಲನ್ನು ನೆನಪಿಟ್ಟುಕೊಳ್ಳಿ.

ಕೋಟೆಗೋಡೆಯ ಕೋಣೆಗೆ ವಾಪಸ್ ಬರೋಣ. ಕೈಕೆಲಸದಲ್ಲಿ ಪಳಗಿದವರನ್ನು ಇಲ್ಲಿ ಮಾಲೆಮ್ ಎಂದು ಗೌರವದಿಂದ ಕರೆಯುತ್ತಾರೆ. ನಮ್ಮಲ್ಲಿ ಮೇಸ್ತ್ರಿ ಅಂದ ಹಾಗೆ. ಗಂಟು ಬರುವಾಗ ಮಣ್ಣು, ಕಲ್ಲು ಎಲ್ಲ ಅಂಟಿಸಿಕೊಂಡೇ ಬರುತ್ತದೆ. ನೋಡಿದರೆ ಸುವರ್ಣಗಡ್ಡೆ ಅನ್ನಬೇಕು. ಬೇರು ಸುತ್ತಿಕೊಂಡ ಒಂದು ಹರಳು ಒಳಗೆ ಉಳಿದರೂ ಗರಗಸದ ಹಲ್ಲು ಹೋಗುತ್ತದೆ. ಹೊರಗಿನಿಂದ ನೋಡಿದರೆ ಒಳಗೆ ಬಿರುಕಿದೆಯೋ, ಟೊಳ್ಳಿದೆಯೋ ಗೊತ್ತಾಗುವುದಿಲ್ಲ. ಮೊದಲ ಕೊಯ್ತ ಎಲ್ಲಿ ಹಾಕಬೇಕು ಎಂದು ತೀರ್ಮಾನಿಸುವುದರಲ್ಲೇ ಅನುಭವ ಇರುವುದು. ತಪ್ಪಿದರೆ ದೊಡ್ಡ ಬಟ್ಟಲಾಗಬೇಕಿದ್ದ ಮರ ಕೀಲಿಗೊಂಚಲಿಗೆ ಇಳಿಯುತ್ತದೆ.

ಕೊಯ್ದ ಮೇಲೆ ಒಣಗಿಸಬೇಕು. ಇದರಲ್ಲಿ ಅವಸರ ನಡೆಯುವುದಿಲ್ಲ. ನೇರ ನಾರಿನ ಹಲಗೆ ಒಣಗುವಾಗ ಒಂದೇ ರೀತಿ ಕುಗ್ಗುತ್ತದೆ. ಗಂಟಿನ ನಾರು ಹತ್ತು ದಿಕ್ಕಿಗೆ ಓಡಿರುವುದರಿಂದ ಹತ್ತು ದಿಕ್ಕಿಗೂ ಎಳೆಯುತ್ತದೆ, ಸೀಳು ಬಿಡುತ್ತದೆ. ನೆರಳಲ್ಲಿ, ನಿಧಾನವಾಗಿ ಒಣಗಿದ್ದೇ ಬಾಳಿಕೆ ಬರುವುದು.

ಆಮೇಲೆ ಬಟ್ಟಲಾದರೆ ಲೇತ್‌ಗೆ ಹೋಗುತ್ತದೆ, ಪೆಟ್ಟಿಗೆಯಾದರೆ ಜೋಡಿಸುವ ಮೇಜಿಗೆ. ಚಿತ್ತಾರ ಕೂರಿಸುವ ಕೆಲಸವನ್ನು ಸ್ವಲ್ಪ ಹೊತ್ತು ನಿಂತು ನೋಡಿ. ಮುಚ್ಚಳದ ಮೇಲೆ ಪೆನ್ಸಿಲ್ ಗೆರೆ. ಅದರ ಗುಂಟ ಸಣ್ಣ ಉಳಿಯಿಂದ ತೋಡು. ಆ ತೋಡಿಗೆ ಹಳದಿ ಬಣ್ಣದ ನಿಂಬೆ ಮರದ ಎಳೆ, ಕಪ್ಪಿಗೆ ಎಬೊನಿ, ಹೊಳಪಿಗೆ ಕಪ್ಪೆಚಿಪ್ಪಿನ ಒಳಪದರ. ಕೆಲವು ಕಡೆ ಬೆಳ್ಳಿಯ ತಂತಿಯೂ ಉಂಟು. ಗೋಂದು ಹಚ್ಚಿ ಒಂದೊಂದೇ ಚೂರನ್ನು ಬೆರಳ ತುದಿಯಿಂದ ಒತ್ತಿ ಕೂರಿಸುತ್ತಾರೆ. ಚೂರು ತೋಡಿಗಿಂತ ಕೂದಲೆಳೆ ದೊಡ್ಡದಿರಬೇಕು. ಸಡಿಲವಾದರೆ ನಾಳೆ ಕಳಚುತ್ತದೆ. ಒಣಗಿದ ಮೇಲೆ ಎಲ್ಲವನ್ನೂ ಒಂದೇ ಮಟ್ಟಕ್ಕೆ ಉಜ್ಜುತ್ತಾರೆ. ಉಗುರಿನಿಂದ ಸವರಿದರೆ ಒಂದು ಮರ ಮುಗಿದು ಇನ್ನೊಂದು ಶುರುವಾಗಿದ್ದು ಗೊತ್ತಾಗಬಾರದು. ಮೈಸೂರಿನ ಬೀಟೆ ಮರದ ಇನ್ಲೇ ಕೆಲಸ ನೋಡಿದವರಿಗೆ ಇದು ಕೂಡಲೇ ಹಿಡಿಸುತ್ತದೆ. ಅಲ್ಲಿ ಬೇರೆ ಬೇರೆ ಬಣ್ಣದ ಮರದ ಚೂರುಗಳಿಂದ ಆನೆ, ದೇವರು, ಊರ ಚಿತ್ರ ಮೂಡುತ್ತದೆ. ಇಲ್ಲಿ ನಕ್ಷತ್ರ, ಬಳ್ಳಿ, ಚೌಕಗಳು.

ಕೊನೆಯದು ಹೊಳಪು. ಒರಟು ಸ್ಯಾಂಡ್ ಪೇಪರಿನಿಂದ ಶುರುಮಾಡಿ ನಯಕ್ಕೆ ಬರುತ್ತಾರೆ. ಸ್ಪಿರಿಟ್‌ನಲ್ಲಿ ಕರಗಿಸಿದ ಅರಗಿಗೆ ಬಟ್ಟೆಯ ಉಂಡೆ ಅದ್ದಿ ಸುತ್ತು ಸುತ್ತಾಗಿ ತಿಕ್ಕುತ್ತಾರೆ. ನಮ್ಮ ಬಡಗಿಗಳು ಫ್ರೆಂಚ್ ಪಾಲಿಶ್ ಅನ್ನುವುದು ಇದನ್ನೇ. ಒಂದು ಪದರ, ಒಣಗಿಸು, ಮತ್ತೊಂದು ಪದರ. ಗಂಟಿನೊಳಗಿನ ಚುಕ್ಕೆಗಳು ಆಗ ಗಾಜಿನಡಿಯಿಂದ ಎದ್ದು ಬಂದ ಹಾಗೆ ಕಾಣುತ್ತವೆ.

ಮಕ್ಕಳಿಗೆ ಇಷ್ಟವಾಗುವ ಗುಟ್ಟಿನ ಪೆಟ್ಟಿಗೆಯೂ ಇಲ್ಲಿಯದೇ. ಹೊರಗಿನಿಂದ ಬೀಗದ ಕಂಡಿಯೂ ಇಲ್ಲ, ಕೀಲಿಯೂ ಇಲ್ಲ. ಮೂಲೆಯ ಒಂದು ಪಟ್ಟಿಯನ್ನು ಪಕ್ಕಕ್ಕೆ ಸರಿಸಿದರೆ ಇನ್ನೊಂದು ಪಟ್ಟಿ ಸಡಿಲವಾಗುತ್ತದೆ. ಅದನ್ನು ಎಳೆದರೆ ಅಡಗಿಸಿದ ಕೀಲಿ ಹೊರಬರುತ್ತದೆ, ಮತ್ತೊಂದನ್ನು ಸರಿಸಿದರೆ ಕಂಡಿ ಕಾಣುತ್ತದೆ. ಚುಕ್ಕೆ ಚಿತ್ತಾರದ ಗಡಿಬಿಡಿಯಲ್ಲಿ ಪಟ್ಟಿಗಳ ಸಂದು ಕಣ್ಣಿಗೆ ಬೀಳುವುದೇ ಇಲ್ಲ. ಟಾಲೆಮಿಯ ಮೇಜಿನಲ್ಲಿ ಸಂದು ಮುಚ್ಚಿದ ಜಾಣತನ ಇಲ್ಲಿ ಆಟಿಕೆಯಾಗಿದೆ.

ಇನ್ನು ಕಷ್ಟದ ಮಾತು. ಮರವನ್ನು ಬುಡದ ಮೇಲೆ ಕಡಿದರೆ, ಮೇಕೆಗಳು ಬಿಟ್ಟರೆ, ಅದು ಮತ್ತೆ ಬರುತ್ತದೆ. ಗಂಟನ್ನೇ ಅಗೆದು ತೆಗೆದರೆ ನಿದ್ದೆ ಮಾಡುತ್ತಿದ್ದ ಮೊಗ್ಗುಗಳೆಲ್ಲ ಅದರ ಜೊತೆಗೇ ಹೋದವು. ಚಿಗುರಲು ಏನೂ ಉಳಿಯುವುದಿಲ್ಲ. ಎತ್ತಿಟ್ಟ ಬೀಜದ ಭತ್ತವನ್ನೇ ಕುಟ್ಟಿ ಉಂಡ ಹಾಗೆ. ಚಂದದ ಭಾಗ, ಜೀವದ ಭಾಗ ಎರಡೂ ಒಂದೇ ಆಗಿರುವುದೇ ಈ ಕಸುಬಿನ ದೊಡ್ಡ ಸಂಕಟ. ಸೌದೆಗೆ, ಇದ್ದಿಲಿಗೆ ಕಡಿಯುವುದು, ಮೇಕೆಗಳ ಕಾಟ, ಮಳೆ ಕೈಕೊಡುವುದು ಇದರ ಜೊತೆಗೆ ಸೇರಿಕೊಳ್ಳುತ್ತವೆ. ಅನುಮತಿ ಇಲ್ಲದೆ ಕಡಿಯುವಂತಿಲ್ಲ ಎಂಬ ಕಾನೂನಿದ್ದರೂ ಕದ್ದು ಅಗೆಯುವುದು ಹಳೇ ಸಮಸ್ಯೆ. ಪ್ಲಿನಿಯ ಬರಿದಾದ ಬೆಟ್ಟ ನೆನಪಾಯಿತಾ?

ಹಾಗಂತ ಏನೂ ಕೊಳ್ಳಬೇಡಿ ಎಂದು ನಾನು ಹೇಳುವುದಿಲ್ಲ. ಕೊಳ್ಳುವವರು ಇಲ್ಲದಿದ್ದರೆ ಮಾಲೆಮ್‌ಗಳ ಮಕ್ಕಳು ಉಳಿ ಕೆಳಗಿಡುತ್ತಾರೆ, ಕೈಯಲ್ಲಿರುವ ವಿದ್ಯೆ ಅಲ್ಲಿಗೆ ನಿಲ್ಲುತ್ತದೆ. ನನ್ನ ಮಾತು ಕೇಳುವುದಾದರೆ ಹತ್ತು ಸಣ್ಣ ಸಾಮಾನಿನ ಬದಲು ಒಳ್ಳೆಯದು ಒಂದು ಕೊಳ್ಳಿ. ಕಾಂಡದ ಮರದಿಂದ ಮಾಡಿದ್ದನ್ನೂ ಕೇಳಿ ನೋಡಿ. ಅದರಲ್ಲಿ ಚುಕ್ಕೆ ಇರುವುದಿಲ್ಲ, ನೇರ ಗೆರೆ ಇರುತ್ತದೆ. ಬಣ್ಣ ಅದೇ, ವಾಸನೆ ಅದೇ, ಬೆಲೆ ಕಡಿಮೆ, ಮರಕ್ಕೂ ಅಷ್ಟು ಪೆಟ್ಟಿಲ್ಲ. ಅಂಗಡಿಯಲ್ಲಿ ಎರಡಕ್ಕೂ ತೂಯಾ ಎಂದೇ ಹೇಳುವುದರಿಂದ ನೀವೇ ಕೇಳಬೇಕು. ಗಂಟಿಗೆ ಅಲ್ಲಿಯ ಮಾತು ಲೂಪ್. "ಇದು ಲೂಪಾ, ಕಾಂಡವಾ?" ಅಂದರೆ ವಿಷಯ ಗೊತ್ತಿರುವವರು ಬಂದಿದ್ದಾರೆ ಎಂದು ಅವರಿಗೂ ತಿಳಿಯುತ್ತದೆ. ಬೆಲೆ ಕೇಳಲು "ಬ್ಶಹಾಲ್?" ಸಾಕು.

ಪೆಟ್ಟಿಗೆ ಗಟ್ಟಿ ಮರದ್ದೋ, ಮೇಲೆ ತೆಳು ಪದರ ಅಂಟಿಸಿದ್ದೋ ನೋಡುವುದು ಸುಲಭ. ಮುಚ್ಚಳದ ಅಂಚು ನೋಡಿ. ಮೇಲಿನ ಸುಳಿ ಅಂಚಿನಲ್ಲಿ ಕೆಳಗಿಳಿದು ಬಂದಿದ್ದರೆ ಗಟ್ಟಿ ಮರ. ಅಂಚಿನಲ್ಲಿ ಥಟ್ಟನೆ ಬೇರೆ ಗೆರೆ ಶುರುವಾದರೆ ಅಂಟಿಸಿದ ಪದರ. ಪದರದ್ದು ಎಂದು ಕೀಳಾಗಿ ಕಾಣಬೇಕಿಲ್ಲ. ದೊಡ್ಡ ಸಾಮಾನಿಗೆ ಅದರಿಂದ ಮರ ಉಳಿಯುತ್ತದೆ. ಆದರೆ ಗಟ್ಟಿ ಮರದ ಬೆಲೆ ಕೊಡಬೇಡಿ. ಒಳಗೆ ಬಟ್ಟೆ ಅಂಟಿಸಿದ್ದರೆ ಮೂಗು ಹತ್ತಿರ ಹಿಡಿದು ನೋಡಿ. ವಾಸನೆಯೇ ಇಲ್ಲದಿದ್ದರೆ ಅನುಮಾನ ಪಡಿ. ಚೌಕಾಸಿ ಇಲ್ಲಿಯ ರೂಢಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಅಷ್ಟು ಹೊತ್ತು ಕೆಲಸ ನೋಡಿದ ಮೇಲೆ ಎಲ್ಲಿ ನಿಲ್ಲಿಸಬೇಕು ಎಂದು ನಿಮಗೇ ಗೊತ್ತಾಗುತ್ತದೆ.

ಮರದ ಕೆಲಸ ಒಂದೇ ಅಲ್ಲ. ಬಂದರಿಗೆ ಹೋದರೆ ಮೀನುಗಾರಿಕೆಯ ಮರದ ದೋಣಿಗಳನ್ನು ಕಟ್ಟುವುದು ಕಾಣುತ್ತದೆ. ತಿಮಿಂಗಿಲದ ಎಲುಬುಗೂಡಿನ ಹಾಗೆ ದೋಣಿಯ ಅಸ್ಥಿಪಂಜರ ನಿಂತಿರುತ್ತದೆ. ಬೆಳ್ಳಿ ಕೆಲಸಕ್ಕೆ ಇಲ್ಲಿಯ ಯಹೂದಿ ಅಕ್ಕಸಾಲಿಗರು ಹೆಸರುವಾಸಿಯಾಗಿದ್ದರು. ಒಂದು ಕಾಲಕ್ಕೆ ಊರಿನ ಜನರಲ್ಲಿ ದೊಡ್ಡ ಪಾಲು ಯಹೂದಿಗಳೇ ಇದ್ದರು. 1948ರ ನಂತರದ ದಶಕಗಳಲ್ಲಿ ಹೆಚ್ಚಿನವರು ಊರು ಬಿಟ್ಟರು. ಅವರ ನೆನಪಿನ ಮನೆ ಬೈತ್ ದಾಕಿರಾ 2020ರಲ್ಲಿ ತೆರೆದಿದೆ, ತಪ್ಪಿಸಬೇಡಿ. ಪಶ್ಚಿಮ ಆಫ್ರಿಕಾದಿಂದ ಗುಲಾಮರಾಗಿ ಬಂದವರ ವಂಶದ ಗ್ನಾವಾ ಜನರ ಸಂಗೀತಕ್ಕೂ ಇದು ತವರು. ಅವರ ಮೂರು ತಂತಿಯ ಗುಂಬ್ರಿ ವಾದ್ಯದ ದನಿ ಹೊಟ್ಟೆಯೊಳಗೆ ಗುಂಯ್‌ಗುಡುತ್ತದೆ. 1998ರಿಂದ ಇಲ್ಲಿ ಗ್ನಾವಾ ಉತ್ಸವ ನಡೆಯುತ್ತಿದೆ. ಆ ದಿನಗಳಲ್ಲಿ ಊರಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಕೈಕೆಲಸ ನೋಡುವುದೇ ಉದ್ದೇಶವಾದರೆ ಬೇರೆ ಸಮಯಕ್ಕೆ ಹೋಗಿ.

ಪೆಟ್ಟಿಗೆ ಮನೆಗೆ ತಂದ ಮೇಲೆ ಒಂದು ಜಾಗ್ರತೆ ಬೇಕು. ಅದು ಹುಟ್ಟಿದ್ದು ಸಮುದ್ರದ ತೇವದ ಗಾಳಿಯಲ್ಲಿ. ಮಂಗಳೂರು, ಕಾರವಾರದಲ್ಲಿ ಅಂಥ ತೊಂದರೆ ಆಗಲಿಕ್ಕಿಲ್ಲ. ಕಲಬುರಗಿಯ ಬೇಸಿಗೆಯಲ್ಲೋ, ಏಸಿ ಕೋಣೆಯಲ್ಲೋ ಮರ ತನ್ನೊಳಗಿನ ತೇವ ಬಿಟ್ಟು ಕುಗ್ಗುತ್ತದೆ. ಮುಚ್ಚಳ ಬಿಗಿಯಬಹುದು, ಸಣ್ಣ ಸೀಳು ಬರಬಹುದು. ಬಿಸಿಲು ಬೀಳುವ ಕಿಟಕಿಯ ಹತ್ತಿರ ಇಡಬೇಡಿ. ಒಣ ಬಟ್ಟೆಯಲ್ಲಿ ಒರೆಸಿ. ಮುಚ್ಚಳ ಮುಚ್ಚಿಟ್ಟರೆ ವಾಸನೆ ಬಹಳ ವರ್ಷ ಇರುತ್ತದೆ.

ಸಮಯವಿದ್ದರೆ ಹೊರಡುವ ಮೊದಲು ಇನ್ನೊಂದು ದಿನ ಉಳಿದುಕೊಳ್ಳಿ. ಅಗಾದಿರ್ ಕಡೆಗೆ, ದಕ್ಷಿಣಕ್ಕೆ ಹೋಗುವ ದಾರಿ ಹಿಡಿಯಿರಿ. ದಾರಿಯ ಆಚೀಚೆ ಅರ್ಗಾನ್ ಮರಗಳು. ಅದರ ಬೀಜದ ಎಣ್ಣೆ ತೆಗೆಯುವುದು ಇಲ್ಲಿಯ ಹೆಂಗಸರ ಕೈಕಸುಬು. ಒಂದು ಲೀಟರ್ ಎಣ್ಣೆಗೆ ಸುಮಾರು 30 ಕಿಲೋ ಹಣ್ಣು ಬೇಕು. ಕಲ್ಲಿನ ಮೇಲೆ ಇಟ್ಟು ಕಲ್ಲಿನಿಂದ ಒಂದೊಂದೇ ಬೀಜ ಒಡೆಯುತ್ತಾರೆ. ಅಲ್ಲಿಂದ ಮುಂದೆ ಜಬಲ್ ಅಮ್ಸಿತ್ತೆನ್ ಬೆಟ್ಟದ ಕಡೆ ಏರಿದರೆ ಅರ್‌ಆರ್ ಮರಗಳ ಕಾಡು ಸಿಗುತ್ತದೆ. ಕಡಿದ ಮರದ ಬುಡ ಕಂಡರೆ ಬಗ್ಗಿ ನೋಡಿ. ಕಲ್ಲಿನ ಸಂದಿಯಲ್ಲಿ ಗಂಟು ಹಾಗೇ ಉಳಿದಿದ್ದರೆ, ಅದರ ಮೇಲೆ ಬೆರಳುದ್ದದ ಎಳೇ ಹಸಿರು ಚಿಗುರು ಎದ್ದಿರುತ್ತದೆ.